ಕೇಳಬೇಕಾದ್ದು ಯಾರನ್ನ?

ಇವತ್ತಿನ ಬರಹ ಗೊಬ್ಬರದ್ದಲ್ಲ, ಅಡಿಕೆ ದರದ್ದೂ ಅಲ್ಲ. ತಿಳುವಳಿಕೆ ನಮಗೆ ಎಲ್ಲಿಂದ ಬರ್ತದೆ ಅನ್ನುವುದರ ಬಗ್ಗೆ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತಿದ್ದಾಗ ಓದಿ.

ಈಗಿನ ಹುಡುಗರಿಗೆ ಕುತೂಹಲವೇ ಇಲ್ಲ ಅಂತ ಹಿರಿಯರು ದೂರ್ತಾರೆ. ನಾನು ಒಪ್ಪುವುದಿಲ್ಲ. ಕುತೂಹಲ ಬೇಕಾದಷ್ಟಿದೆ, ಕೇಳುವ ಜಾಗ ಮಾತ್ರ ಒಂದೇ ಆಗಿಹೋಗಿದೆ. ತೆಂಗಿನ ಗರಿ ಹಳದಿಯಾದರೂ ಮೊಬೈಲು, ದನ ಮೇವು ಬಿಟ್ಟರೂ ಮೊಬೈಲು, ಮಳೆ ಯಾವಾಗ ಅಂದರೂ ಮೊಬೈಲು. ಮೊಬೈಲನ್ನ ಬೈಯುವವ ನಾನಲ್ಲ, ಈ ಬರಹ ನಿಮ್ಮ ಕೈಗೆ ಬಂದದ್ದೂ ಅದರಿಂದಲೇ. ನನ್ನ ತಕರಾರು ಬೇರೆ. ಹೇಳುವವ ಯಾವ ಮಣ್ಣಿನವ? ಅವನ ಮಾತು ಸುಳ್ಳಾದರೆ ನಷ್ಟ ಯಾರಿಗೆ? ಈ ಎರಡನ್ನ ನಾವು ಕೇಳುವುದೇ ಬಿಟ್ಟಿದ್ದೇವೆ.

ನಮ್ಮ ಹೊನ್ನಳ್ಳಿಯ ತುಳಸಿ ಗೌಡರನ್ನೇ ನೋಡಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಣ್ಣವರಿದ್ದಾಗಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ಸಸಿಮಡಿಗೆ ಕೂಲಿಗೆ ಹೋದವರು. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜ ಯಾವಾಗ ಬಲಿತದೆ, ಯಾವಾಗ ಆರಿಸಿದರೆ ಮೊಳಕೆ ಬರ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಓದಿದವರು ಅವರನ್ನ ಕಾಡಿನ ವಿಶ್ವಕೋಶ ಅಂತ ಕರೆದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, ಮರುವರ್ಷ ಬರಿಗಾಲಲ್ಲೇ ಹೋಗಿ ತಗೊಂಡರು. ಆ ತಿಳುವಳಿಕೆಗೆ ಅಷ್ಟು ಬೆಲೆ ಎಂತಕ್ಕೆ? ಬೀಜ ತಪ್ಪಿದರೆ ಮಡಿ ಖಾಲಿ ಉಳಿಯುತ್ತಿತ್ತು. ವರ್ಷ ವರ್ಷ ಮಣ್ಣೇ ಅವರ ಪರೀಕ್ಷೆ ಮಾಡಿತ್ತು. ವಿಡಿಯೋ ಮಾಡಿ ಹಾಕುವವನಿಗೆ ಈ ಪರೀಕ್ಷೆ ಇಲ್ಲ. ನಮ್ಮ ಗಿಡ ಸತ್ತರೂ ಅವನ ಲೆಕ್ಕ ಏರ್ತಾ ಇರ್ತದೆ.

ಹಾಗಂತ ಹಳಬರು ಹೇಳಿದ್ದೆಲ್ಲ ಸರಿ, ಪುಸ್ತಕ ವಿಜ್ಞಾನ ಎಲ್ಲ ಸುಳ್ಳು ಅಂತಲ್ಲ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಕತೆ ಕೇಳಿ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ದ್ರಾಕ್ಷಿ ತೋಟದ ಬದಿಯಲ್ಲಿ ಹೋಗ್ತಾ ಇದ್ದರು. ರೋಗ ಬಂದು ತೋಟದ ಬಳ್ಳಿಗಳೆಲ್ಲ ಎಲೆ ಉದುರಿಸಿದ್ದವು, ದಾರಿ ಬದಿಯ ಸಾಲು ಮಾತ್ರ ಹಸಿರಾಗಿತ್ತು. ಎಂತಕ್ಕೆ ಅಂತ ತೋಟ ನೋಡಿಕೊಳ್ಳುವವರನ್ನ ಕೇಳಿದರು. ದಾರಿಹೋಕರು ಹಣ್ಣು ಕದಿಯಬಾರದು ಅಂತ ಮೈಲುತುತ್ತ, ಸುಣ್ಣ ಕಲಸಿ ಹೊಡೆದದ್ದು ಅಂತ ಉತ್ತರ ಬಂತು. ಅವರು ಅಷ್ಟಕ್ಕೇ ನಂಬಲಿಲ್ಲ. ಪ್ರಯೋಗ ಮಾಡಿ ನೋಡಿ 1885ರಲ್ಲಿ ಬರೆದು ಪ್ರಕಟಿಸಿದರು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನ ಅಡಿಕೆಯ ಕೊಳೆಗೆ ತಂದರು. ಅದಕ್ಕೂ ಮೊದಲು ಕೊನೆಗೆ ಕೊಟ್ಟೆ ಕಟ್ಟುವುದೇ ದಾರಿಯಾಗಿತ್ತು. ತೋಟದವನ ಕಣ್ಣು, ಪ್ರಾಧ್ಯಾಪಕನ ಪ್ರಶ್ನೆ, ಆಮೇಲೆ ಬರವಣಿಗೆ. ಮೂರರಲ್ಲಿ ಒಂದು ತಪ್ಪಿದ್ದರೂ ಅದು ನಮ್ಮ ತೋಟಕ್ಕೆ ಬರ್ತಿರಲಿಲ್ಲ.

ಆ ದ್ರಾವಣವನ್ನ ನಾವು ಕಣ್ಣು ಮುಚ್ಚಿ ಹೊಡೆಯುವುದಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಆದ ಮೇಲೆ ತಿಕ್ಕಿ ಹೊಳಪು ಮಾಡಿದ ಚೂರಿ ಅದ್ದಿ ನೋಡ್ತೇವೆ. ಚೂರಿಗೆ ಕೆಂಪು ಹಿಡಿದರೆ ಸುಣ್ಣ ಸಾಲಲಿಲ್ಲ ಅಂತ ಲೆಕ್ಕ. ಕೇಳಿದ ಮಾತಿಗೂ ಇಂಥದ್ದೊಂದು ಚೂರಿ ಬೇಕು.

ಒಂದು ಉದಾಹರಣೆ ಹೇಳ್ತೇನೆ. ಗದ್ದೆಗೆ ಉಪ್ಪು ಏರಿದೆ ಅಂತ ಮೊಬೈಲಿನಲ್ಲಿ ಕೇಳಿದರೆ ಜಿಪ್ಸಮ್ ಹಾಕಿ ಅನ್ನುವ ಸಲಹೆ ಬರ್ತದೆ. ಬಯಲುಸೀಮೆಯ ಕ್ಷಾರ ಮಣ್ಣಿಗೆ ಅದು ಸರಿಯೇ. ನಮ್ಮ ಗಜನಿಯ ಉಪ್ಪು ಸಮುದ್ರದ ಭರತದ ಜೊತೆ ಒಳಗೆ ಬರುವಂಥದ್ದು. ಕಟ್ಟೆ ಗಟ್ಟಿ ಇಟ್ಟುಕೊಂಡು, ಮಳೆನೀರಿನಲ್ಲಿ ಉಪ್ಪು ತೊಳೆದು ಹೋಗಲು ಬಿಡಬೇಕು. ಉಪ್ಪು ನೀರನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಪಕ್ಕದ ಕುಮಟಾದ ಅಘನಾಶಿನಿ ಬಯಲಿನಲ್ಲಿದೆ. ಅದರ ವಿಚಾರ ಬೇಕಾದರೆ ಗಜನಿ ಮಾಡಿದ ಮನೆಯ ಜಗಲಿಗೇ ಹೋಗಬೇಕು.

ಓದುವುದಕ್ಕೆ ನಮ್ಮಲ್ಲಿ ಬಡತನ ಇರಲಿಲ್ಲ ಮಾರಾಯ್ರೆ. ಕೋಟದ ಶಿವರಾಮ ಕಾರಂತರು ಮೂರು ಸಂಪುಟದ ಬಾಲ ಪ್ರಪಂಚ, ಆಮೇಲೆ ನಾಲ್ಕು ಸಂಪುಟದ ವಿಜ್ಞಾನ ಪ್ರಪಂಚ ಬರೆದರು. ನಮ್ಮದೇ ತಾಲೂಕಿನ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗೆ ಶಾಲೆ ತಂದರು, ಜನಸೇವಕ ಪತ್ರಿಕೆ ನಡೆಸಿದರು. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ಅಡಿಕೆ ಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದವ ತನ್ನ ಅನುಭವ ತಾನೇ ಬರೆದರೆ ಇನ್ನೊಬ್ಬ ತೋಟದವನಿಗೆ ಎಷ್ಟು ಉಪಯೋಗ ಅನ್ನುವುದನ್ನ ಅದು ತೋರಿಸಿತು.

ಈಗ ನನಗೆ ಹೆದರಿಕೆ ಇರುವುದು ಇಲ್ಲೇ. ಸುಕ್ರಜ್ಜಿ ನೂರಾರು ಹಾಲಕ್ಕಿ ಹಾಡು ಬಾಯಲ್ಲೇ ಇಟ್ಟುಕೊಂಡವರು. ತುಳಸಿ ಗೌಡರು 2024ರ ಡಿಸೆಂಬರ್ 16ಕ್ಕೆ ಹೋದರು. ಎರಡು ತಿಂಗಳು ಕಳೆಯುವುದರೊಳಗೆ, 2025ರ ಫೆಬ್ರುವರಿ 13ಕ್ಕೆ ಬಡಿಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಇವರ ಹೆಸರು ದೇಶಕ್ಕೆ ಗೊತ್ತಿತ್ತು, ಅಷ್ಟೋ ಇಷ್ಟೋ ದಾಖಲೆ ಉಳಿದಿದೆ. ಹೆಸರೇ ಇಲ್ಲದ ಎಷ್ಟು ಜನ ಹೀಗೆ ಗೊತ್ತಿದ್ದದ್ದನ್ನ ಕಟ್ಟಿಕೊಂಡು ಹೋಗ್ತಾ ಇದ್ದಾರೆ? ನಾವು ಬರೆದಿಡದೆ ಇದ್ದದ್ದು ಮೊಬೈಲಿಗೂ ಗೊತ್ತಿರುವುದಿಲ್ಲ. ನಾಳೆ ನಮ್ಮ ಮೊಮ್ಮಗ ಕೇಳಿದರೆ ಬೇರೆ ಯಾವುದೋ ಸೀಮೆಯ ಉತ್ತರವನ್ನೇ ಅದು ಕೊಡ್ತದೆ. 2023ರಲ್ಲಿ ನಮ್ಮ ಕರಿ ಇಶಾಡ ಮಾವಿಗೆ ಜಿಐ ಮಾನ್ಯತೆ ಸಿಕ್ಕಿತು. ಹಣ್ಣಿನ ರುಚಿ ಎಲ್ಲರಿಗೂ ಗೊತ್ತಿತ್ತು, ಮಾನ್ಯತೆಗೆ ಬೇಕಾದದ್ದು ಕಾಗದದ ಮೇಲಿನ ದಾಖಲೆ.

ಅದಕ್ಕೇ ಒಂದು ಕೋರಿಕೆ. ರೋಗ, ಔಷಧದ ವಿಚಾರ ಬಂದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನೋ, ಕಿಸಾನ್ ಕಾಲ್ ಸೆಂಟರಿನ 1800-180-1551 ಅನ್ನೋ ಕೇಳಿ, ಕನ್ನಡದಲ್ಲೇ ಹೇಳ್ತಾರೆ. ಮಣ್ಣು, ನೀರು, ಬೀಜದ ವಿಚಾರಕ್ಕೆ ಊರಿನ ಹಿರಿಯರಲ್ಲಿ ಹೋಗಿ. ಅವರು ಹೇಳಿದ್ದನ್ನ ಹೆಸರು, ಊರು, ಗದ್ದೆಯ ಜಾಗ ಸಮೇತ ಬರೆದುಕೊಳ್ಳಿ. ಮೊದಲು ಒಂದು ಗುಂಟೆಯಲ್ಲಿ ಮಾಡಿ ನೋಡಿ, ಆದದ್ದನ್ನೂ ಆಗದೆ ಇದ್ದದ್ದನ್ನೂ ಕೆಳಗೆ ಸೇರಿಸಿ. ಹೆಚ್ಚಿನ ಪಂಚಾಯ್ತಿಯಲ್ಲಿ ಈಗ ಅರಿವು ಕೇಂದ್ರ ಅಂತ ಗ್ರಂಥಾಲಯ ಇದೆ. ಅಲ್ಲಿ ಪರೀಕ್ಷೆಗೆ ಓದುವ ಮಕ್ಕಳ ಪುಸ್ತಕದ ಪಕ್ಕ ನಮ್ಮೂರಿನದೂ ಒಂದು ಪಟ್ಟಿ ಇರಲಿ. ಇನ್ನೂರು ಪುಟದ ಪಟ್ಟಿ ಸಾಕು. ಈ ಮಳೆಗಾಲದಲ್ಲಿ ನೆಟ್ಟಿ ಮುಗಿಸಿ ಕೂತಾಗ ಮೊದಲನೆ ಪುಟ ಶುರು ಮಾಡಿ.