ಠಾಣೆಗೆ ಕರೆದಾಗ ಫೋನ್ ಮಾಡಿಸುವುದೋ, ಕಾಗದ ಕೇಳುವುದೋ?

ಕರಾವಳಿಯಿಂದ ಬೆಂಗಳೂರಿಗೆ ಓಡಾಡುವ ನಮ್ಮ ಓದುಗರಿಗೆ ರಾಷ್ಟ್ರೀಯ ಹೆದ್ದಾರಿ 75 ಹೊಸದೇನಲ್ಲ. ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟಿದರೆ ಹಾಸನ, ಅಲ್ಲಿಂದ ಮುಂದೆ ಚನ್ನರಾಯಪಟ್ಟಣ. ಹಾಸನದಲ್ಲಿ ಮೈಸೂರಿನ ಕಡೆಗೆ ತಿರುಗಿದವರಿಗೆ ಹೊಳೆನರಸೀಪುರ, ಕೊಡಗಿನ ಕಡೆಗೆ ಹೊರಟವರಿಗೆ ಅರಕಲಗೂಡು. ಶಾಲೆ, ಆಸ್ಪತ್ರೆ, ಕಾಫಿ ತೋಟ, ವ್ಯಾಪಾರ ಎಂದು ಈ ಊರುಗಳಲ್ಲಿ ನೆಲೆಸಿರುವ ನಮ್ಮವರೂ ಇದ್ದಾರೆ. ಊರ ಹೊರಗಿನ ತಿರುವಿನಲ್ಲಿ ಬ್ಯಾರಿಕೇಡ್ ಇಟ್ಟು ನಿಂತ ಪೊಲೀಸರು ಕೈ ಅಡ್ಡ ಮಾಡುವುದು ಇಲ್ಲೆಲ್ಲ ದಿನನಿತ್ಯದ ನೋಟ. ಹೆಚ್ಚಿನ ಸಲ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮುಗಿಯದೆ ಹೋದ ಸಂದರ್ಭಗಳ ಬಗ್ಗೆ ಈ ಲೇಖನ.

ಚನ್ನರಾಯಪಟ್ಟಣ ತಾಲೂಕಿಗೆ ಅಂಟಿಕೊಂಡಿರುವ ಮಂಡ್ಯ ಜಿಲ್ಲೆಯಲ್ಲಿ 2025ರ ಮೇ 26ರಂದು ನಡೆದದ್ದನ್ನು ಯಾರೂ ಮರೆತಿರಲಾರರು. ನಾಯಿ ಕಚ್ಚಿದ್ದ ಪುಟ್ಟ ಮಗುವನ್ನು ಹೆತ್ತವರು ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ಸಂಚಾರ ಪೊಲೀಸರು ತಡೆದಾಗ ಬೈಕ್ ಆಯ ತಪ್ಪಿ ಮಗು ರಸ್ತೆಗೆ ಬಿತ್ತು, ಹಿಂದಿನಿಂದ ಬಂದ ವಾಹನ ಹರಿದು ಸತ್ತುಹೋಯಿತು. ಮೂವರು ಎಎಸ್‌ಐಗಳು ಅಮಾನತಾದರು. ಆ ಬಳಿಕ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರು ಎಲ್ಲ ಜಿಲ್ಲೆಗಳಿಗೂ ಸೂಚನೆ ಹೊರಡಿಸಿದರು: ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇದ್ದರಷ್ಟೇ ವಾಹನ ತಡೆಯಬೇಕು, ಬರೀ ದಾಖಲೆ ನೋಡಲೆಂದು ನಿಲ್ಲಿಸಬಾರದು, ಹಠಾತ್ತನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು. ಇಂಥ ಸಾಮಾನ್ಯ ವಿವೇಕದ ಮಾತನ್ನು ಸುತ್ತೋಲೆಯಲ್ಲಿ ಬರೆಸಲು ಒಂದು ಮಗು ಸಾಯಬೇಕಾಯಿತು.

ತಡೆದವರು ಸಮವಸ್ತ್ರದಲ್ಲಿದ್ದು ಲೈಸೆನ್ಸ್ ಕೇಳಿದರೆ ತೋರಿಸುವುದು ನಮ್ಮ ಕರ್ತವ್ಯ. ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಹಾಗೆ ಹೇಳುತ್ತದೆ. ಕಾಗದವೇ ಬೇಕೆಂದಿಲ್ಲ. 2018ರ ನವೆಂಬರಿನಲ್ಲಿ ನಿಯಮ ತಿದ್ದುಪಡಿಯಾದಂದಿನಿಂದ ಡಿಜಿಲಾಕರ್‌ನಲ್ಲಿ ತೋರಿಸಿದರೂ ಸಾಕು. ದಂಡ ಕಟ್ಟಿದರೆ ರಶೀದಿ ಕೇಳಿ ಪಡೆಯಬೇಕು. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ಆಮೇಲೆ ಹಕ್ಕಿನ ಭಾಷಣ ಮಾಡುವವರ ಬಗ್ಗೆ ನನಗೆ ಕನಿಕರ ಕಡಿಮೆ.

ನಿಜವಾದ ತೊಡಕು ಹುಟ್ಟುವುದು ಮುಂದಿನ ಮಾತಿನಲ್ಲಿ: "ಠಾಣೆಗೆ ಬನ್ನಿ." ಈ ಎರಡು ಪದಗಳಿಗೆ ಕಾನೂನಿನಲ್ಲಿ ಒಂದೇ ಅರ್ಥವಿಲ್ಲ. ಸಾಕ್ಷಿಯಾಗಿ ಕರೆಯುತ್ತಿರಬಹುದು. ಆರೋಪಿಯಾಗಿ ವಿಚಾರಣೆಗೆ ಕರೆಯುತ್ತಿರಬಹುದು. ಅಥವಾ ಅದು ಬಂಧನವೇ ಆಗಿರಬಹುದು. ನಮ್ಮ ತಾಲೂಕು ಕೇಂದ್ರಗಳಲ್ಲಿ ಮೂರಕ್ಕೂ ಇರುವುದು ಒಂದೇ ಮಾತು, "ಕರ್ಕೊಂಡು ಹೋದ್ರು." ಮನೆಯವರಿಗೂ ಗೊತ್ತಿಲ್ಲ, ಹೋದವನಿಗೂ ಗೊತ್ತಿಲ್ಲ. ಆ ಮಬ್ಬಿನಲ್ಲೇ ಏಟು, ಬೆದರಿಕೆ, ಖಾಲಿ ಹಾಳೆಯ ಸಹಿ ಎಲ್ಲವೂ ನಡೆಯುವುದು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಸಾರ್, ನನ್ನನ್ನು ಬಂಧಿಸುತ್ತಿದ್ದೀರಾ, ವಿಚಾರಣೆಗೆ ಕರೆಯುತ್ತಿದ್ದೀರಾ? ಲಿಖಿತವಾಗಿ ಕೊಡಿ." ಗೌರವದಿಂದಲೇ ಕೇಳಬಹುದು, ದನಿ ಏರಿಸಬೇಕಾಗಿಲ್ಲ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ತಿರುಳು ಹೆಚ್ಚು ಬದಲಾಗಿಲ್ಲ. ಸಾಕ್ಷಿಯಾಗಿ ಕರೆಯುವುದಾದರೆ 179ನೇ ಸೆಕ್ಷನ್‌ನಂತೆ ಲಿಖಿತ ಆದೇಶ ಬೇಕು. ಹೆಂಗಸರು, 15 ವರ್ಷಕ್ಕಿಂತ ಚಿಕ್ಕವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಹೋಗಬೇಕಾದ ಅಗತ್ಯವೇ ಇಲ್ಲ, ಪೊಲೀಸರೇ ಮನೆಗೆ ಬಂದು ಕೇಳಬೇಕು. ವಯಸ್ಸಾದ ಅಜ್ಜಿಯನ್ನು "ಒಂದು ಹೇಳಿಕೆ ಅಷ್ಟೇ" ಎಂದು ಜೀಪಿನಲ್ಲಿ ಕೂರಿಸಿಕೊಂಡು ಹೋಗುವಾಗ ತಡೆದು ಹೇಳಬೇಕಾದ ಮಾತು ಇದು.

ಆರೋಪಿ ಎಂದು ಕರೆಯುವುದಾದರೆ 35ನೇ ಸೆಕ್ಷನ್‌ನ ನೋಟಿಸ್ ಇದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಂಡಕೂಡಲೇ ಬಂಧಿಸುವ ಹಾಗಿಲ್ಲ, ಬಂಧನ ಏಕೆ ಬೇಕೆಂದು ಕಾರಣ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟ್ 2014ರ ಜುಲೈಯಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಕಟ್ಟುನಿಟ್ಟಾಗಿ ಹೇಳಿತು. ಈ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ನೋಟಿಸಿನಂತೆ ಹಾಜರಾಗುತ್ತಾ ಹೋದರೆ ಸಾಮಾನ್ಯವಾಗಿ ಬಂಧನವಿಲ್ಲ, ಹಾಜರಾಗದಿದ್ದರೆ ತೊಂದರೆ ನಮಗೇ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು ವ್ಯಕ್ತಿ 60 ಮೀರಿದವರೋ ಅಶಕ್ತರೋ ಆಗಿದ್ದರೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಇದು ಹೊಸ ಸಂಹಿತೆ ಸೇರಿಸಿದ ಒಳ್ಳೆಯ ಅಂಶ, ಅನೇಕರಿಗೆ ತಿಳಿದಿಲ್ಲ.

ಕಾನೂನು ಗೊತ್ತಿದ್ದರೆ ಸಾಕೇ ಎಂದು ಕೇಳುವವರಿಗೆ ನೆರೆಯ ಚಿಕ್ಕಮಗಳೂರಿನ ಉದಾಹರಣೆ ಕೊಡಬೇಕು. 2023ರ ನವೆಂಬರ್ 30ರ ಸಂಜೆ ಹೆಲ್ಮೆಟ್ ವಿಷಯದಲ್ಲಿ ಪೊಲೀಸರು ತಡೆದದ್ದು ಒಬ್ಬ ಯುವ ವಕೀಲರನ್ನು. ಮಾತು ಬೆಳೆಯಿತು, ನಗರ ಠಾಣೆಯಲ್ಲಿ ತಮ್ಮನ್ನು ಹೊಡೆದರೆಂದು ಅವರು ದೂರಿದರು. ಕಾನೂನು ಓದಿದವರಿಗೇ ಈ ಗತಿ. ಮುಂದೆ ಆದದ್ದನ್ನು ಗಮನಿಸಬೇಕು. ವಕೀಲರ ಸಂಘಗಳು ಎದ್ದು ನಿಂತವು, ಆರು ಮಂದಿ ಪೊಲೀಸರು ಅಮಾನತಾದರು, ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು, ತನಿಖೆ ಸಿಐಡಿಗೆ ಹೋಯಿತು. ಇನ್ನೊಂದು ಕಡೆ ಪೊಲೀಸರೂ ಅವರ ಮನೆಯವರೂ ಬೀದಿಗಿಳಿದು ಪ್ರತಿಭಟಿಸಿದರು. ದಿನವಿಡೀ ರಸ್ತೆಯಲ್ಲಿ ನಿಂತು ಎಲ್ಲರ ಸಿಟ್ಟಿಗೂ ಗುರಿಯಾಗುವ ಕಾನ್‌ಸ್ಟೇಬಲ್‌ನ ಬೇಗುದಿ ಸುಳ್ಳಲ್ಲ. ಆದರೆ ಠಾಣೆಯ ಒಳಗೆ ಏನು ನಡೆಯಿತೆಂಬುದಕ್ಕೆ ಅದು ಉತ್ತರವೂ ಅಲ್ಲ.

ಅದೇ ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ ಗ್ರಾಮಸ್ಥರ ಮಾತಿನ ಮೇಲೆ ಕರೆದೊಯ್ದ ಒಬ್ಬ ದಲಿತ ಯುವಕನಿಗೆ ಹೊಡೆದು ಮೂತ್ರ ಕುಡಿಸಲಾಯಿತೆಂಬ ಆರೋಪ ಬಂದು ಸಬ್ ಇನ್‌ಸ್ಪೆಕ್ಟರ್ ಅಮಾನತಾದರು. ಅವನ ಪರವಾಗಿ ನಿಲ್ಲಲು ವಕೀಲರ ಸಂಘ ಇರಲಿಲ್ಲ. ಅವನೇ ಮೇಲಧಿಕಾರಿಗಳಿಗೆ ಪತ್ರ ಬರೆದ. ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುವುದಿಷ್ಟು: ಏಟು ಬೀಳುವುದನ್ನು ಸೆಕ್ಷನ್ ಸಂಖ್ಯೆ ತಡೆಯಲಿಲ್ಲ. ಹೊರಗಿನ ಜನ ಮತ್ತು ಬರೆದಿಟ್ಟ ಕಾಗದ ಬಂದಾಗಲೇ ವಿಷಯ ಠಾಣೆಯ ಗೋಡೆ ದಾಟಿತು.

ಹಾಸನ ಸೀಮೆಯಲ್ಲಿ ಜನ ಬೇರೆ ದಾರಿ ಹಿಡಿಯುತ್ತಾರೆ. ಮಗನನ್ನು ಠಾಣೆಗೆ ಕರೆದೊಯ್ದರೆ ಮೊದಲ ಯೋಚನೆ ವಕೀಲರದ್ದಲ್ಲ, "ಯಾರಿಂದ ಫೋನ್ ಮಾಡಿಸೋಣ" ಎಂಬುದು. ಹೊಳೆನರಸೀಪುರವಿರಲಿ ಅರಕಲಗೂಡಿರಲಿ, ನಾಯಕರ ಮನೆಯ ಒಂದು ಕರೆಗೆ ಇರುವ ತೂಕ ಎಲ್ಲರಿಗೂ ಗೊತ್ತು. ನಮ್ಮ ಕರಾವಳಿಯಲ್ಲೂ ಇದು ಇಲ್ಲವೆಂದಲ್ಲ. ಕೆಲವೊಮ್ಮೆ ಧರ್ಮಗುರುಗಳಿಗೂ ಇದೇ ಕೋರಿಕೆ ಬರುತ್ತದೆ: "ಫಾದರ್, ಇನ್‌ಸ್ಪೆಕ್ಟರಿಗೆ ಒಂದು ಮಾತು ಹೇಳಿ." ಫೋನಿನಿಂದ ಹುಡುಗ ಮನೆಗೆ ಬರಬಹುದು. ಆದರೆ ಅವನನ್ನು ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ದಾಖಲೆಯೇ ಇರುವುದಿಲ್ಲ. ನಾಳೆ ಮತ್ತೆ ಹಿಡಿದರೆ ಮತ್ತೆ ಫೋನ್. ಫೋನ್ ಮಾಡಿಸಲು ಯಾರೂ ಇಲ್ಲದ ಕೂಲಿಯವನು, ಅಸ್ಸಾಂ ಜಾರ್ಖಂಡ್‌ಗಳಿಂದ ತೋಟಕ್ಕೆ ಬಂದವನು ಒಳಗೇ ಉಳಿಯುತ್ತಾನೆ. ಫೋನ್ ಮಾಡಿಸುವ ಪದ್ಧತಿಯೇ ಕಾಗದವಿಲ್ಲದ ಬಂಧನವನ್ನು ಸಾಕಿ ಬೆಳೆಸಿದೆ ಎಂಬುದು ನನ್ನ ಅಭಿಪ್ರಾಯ.

ಕಾಗದ ಕೇಳುವವರಿಗೆ ಕಾನೂನು ಒಂದು ಜಾಗವನ್ನೇ ಮಾಡಿಕೊಟ್ಟಿದೆ. ಕೋಲ್ಕತ್ತದ ಕಾನೂನು ನೆರವು ಸಂಸ್ಥೆಯೊಂದರ ಅಧ್ಯಕ್ಷರಾಗಿದ್ದ ಡಿ.ಕೆ. ಬಸು ಅವರು ಠಾಣೆಯಲ್ಲಿನ ಸಾವುಗಳ ಪತ್ರಿಕಾ ವರದಿ ಓದಿ 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರವೇ ಅರ್ಜಿಯಾಗಿ, 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ 11 ಸೂಚನೆಗಳನ್ನು ಕೊಟ್ಟಿತು. ಅವುಗಳಲ್ಲಿ ಮುಖ್ಯವಾದವು ಇಂದು ಸಂಹಿತೆಯ ಭಾಗ. ಬಂಧಿಸುವವರ ಎದೆಯ ಮೇಲೆ ಹೆಸರು ಓದುವಂತಿರಬೇಕು. ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರಲ್ಲಿ ಒಬ್ಬರ ಅಥವಾ ಆ ಸ್ಥಳದ ಗೌರವಾನ್ವಿತ ವ್ಯಕ್ತಿಯೊಬ್ಬರ ಸಾಕ್ಷಿ ಸಹಿ ಬೇಕು, ಬಂಧಿತನೂ ಸಹಿ ಹಾಕಬೇಕು. ಆ "ಸ್ಥಳದ ಗೌರವಾನ್ವಿತ ವ್ಯಕ್ತಿ" ಯಾರು? ಶಾಲೆಯ ಮೇಷ್ಟರು, ಆಸ್ಪತ್ರೆಯ ಧರ್ಮಭಗಿನಿ, ಪಾಲನಾ ಮಂಡಳಿಯ ಸದಸ್ಯರು, ಧರ್ಮಗುರುಗಳು ಯಾರೂ ಆಗಬಹುದು. ನಮ್ಮ ಧರ್ಮಕೇಂದ್ರದವರು ಮಾಡಬೇಕಾದ ಕೆಲಸ ಶಿಫಾರಸಿನದ್ದಲ್ಲ. ಠಾಣೆಗೆ ಹೋಗಿ, ಮೆಮೊ ಎಲ್ಲಿದೆ ಎಂದು ಕೇಳಿ, ಬರೆದಿರುವ ದಿನಾಂಕ ಮತ್ತು ಗಂಟೆ ಸರಿಯಿದೆಯೇ ನೋಡಿ ಸಹಿ ಹಾಕುವುದು. ಗಂಟೆ ಬಹಳ ಮುಖ್ಯ. 24 ಗಂಟೆಯ ಲೆಕ್ಕ ಅಲ್ಲಿಂದಲೇ ಶುರುವಾಗುವುದರಿಂದ ಬೆಳಗ್ಗೆ ಹಿಡಿದವರನ್ನು ಸಂಜೆ ಹಿಡಿದಂತೆ ಬರೆಯಲು ಬಿಡಬಾರದು.

ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಕೂಡಲೇ ಸಾಧ್ಯವಾಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆಯಾದರೂ ಕೊಡಬೇಕು. ಹಿಂದಿ ಮಾತ್ರ ಬರುವ ತೋಟದ ಕೂಲಿಗೆ ಕನ್ನಡದ ಹಾಳೆ ಕೊಟ್ಟರೆ ಅದು ಕೊಟ್ಟಂತಲ್ಲ.

ಹೆಂಗಸರ ವಿಷಯದಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧನವಿಲ್ಲ. ಅಪವಾದದ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಿರಬೇಕು. ಬೇಡಿಯ ಬಗ್ಗೆ ನಮ್ಮ ಹೈಕೋರ್ಟಿನದ್ದೇ ತೀರ್ಪಿದೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಬೇಡಿ ತೊಡಿಸಿದ್ದಕ್ಕೆ 2022ರ ಜೂನ್‌ನಲ್ಲಿ ಧಾರವಾಡ ಪೀಠ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮೊಬೈಲ್ ಕಿತ್ತುಕೊಂಡು ಸಂದೇಶ ಓದುವ ಅಭ್ಯಾಸದ ಬಗೆಗೂ 2021ರ ಮಾರ್ಚ್‌ನಲ್ಲಿ ಅದೇ ಹೈಕೋರ್ಟ್, ಫೋನ್ ಶೋಧಿಸಲು ಸಾಮಾನ್ಯವಾಗಿ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು ಎಂದಿದೆ. ಯುವಕರನ್ನು ಗಾಂಜಾ ಸಂಶಯದಲ್ಲಿ ಮೈ ತಪಾಸಣೆ ಮಾಡುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡಿ ಎಂದು ಕೇಳುವ ಹಕ್ಕಿದೆ, ಆ ಹಕ್ಕು ಇದೆಯೆಂದು ಪೊಲೀಸರೇ ತಿಳಿಸಬೇಕು. ವಿಚಾರಣೆಯಲ್ಲಿ ತನ್ನನ್ನೇ ಅಪರಾಧಿಯಾಗಿಸುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿಯೂ ಬೇಕಿಲ್ಲ. ಹೆಸರು ವಿಳಾಸ ಮಾತ್ರ ಸರಿಯಾಗಿ ಹೇಳಿಬಿಡಿ, ಅದನ್ನು ಮುಚ್ಚಿಟ್ಟರೆ ಸಣ್ಣ ವಿಷಯಕ್ಕೂ ಬಂಧನವಾಗಬಹುದು.

ಹಳ್ಳಿಗಳಿಗೆ ಭೇಟಿ ಕೊಡುವ ನಮ್ಮ ಸೇವಾಕರ್ತರಿಗೆ ಒಂದು ಮಾತು. 2021ರ ನವೆಂಬರ್ 28ರಂದು ಹಾಸನ ಜಿಲ್ಲೆಯ ಬೇಲೂರಿನಲ್ಲಿ ಪ್ರಾರ್ಥನೆಗೆ ಸೇರಿದ್ದವರನ್ನು ಪ್ರಶ್ನಿಸಲು ನುಗ್ಗಿದವರು ಪೊಲೀಸರಲ್ಲ, ಸಂಘಟನೆಯೊಂದರ ಕಾರ್ಯಕರ್ತರು. ಅಲ್ಲಿದ್ದ ಹೆಂಗಸರು ಧೈರ್ಯವಾಗಿ ಎದುರು ನಿಂತು ಮಾತನಾಡಿದ್ದನ್ನು ನಾಡೇ ನೋಡಿತು. ಖಾಸಗಿ ವ್ಯಕ್ತಿಗೆ ಯಾರನ್ನಾದರೂ ಹಿಡಿಯುವ ಅಧಿಕಾರ ಇರುವುದು ತನ್ನ ಕಣ್ಣೆದುರೇ ಜಾಮೀನಿಲ್ಲದ ಗಂಭೀರ ಅಪರಾಧ ನಡೆದಾಗ ಅಥವಾ ಹಿಡಿದದ್ದು ಘೋಷಿತ ಅಪರಾಧಿಯನ್ನಾದಾಗ ಮಾತ್ರ. ಆಗಲೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಚೀಲ ತೆರೆದು ತೋರಿಸು, ಫೋನ್ ಕೊಡು ಎನ್ನಲು ಅವರಿಗೆ ಯಾವ ಹಕ್ಕೂ ಇಲ್ಲ. ಅಂಥ ಹೊತ್ತಿನಲ್ಲಿ 112ಕ್ಕೆ ಕರೆ ಮಾಡಿ ಪೊಲೀಸರನ್ನು ನಾವೇ ಕರೆಸುವುದು ಒಳ್ಳೆಯದು.

ಠಾಣೆಯಲ್ಲಿ ಅನ್ಯಾಯವಾದರೆ ವೈದ್ಯಕೀಯ ತಪಾಸಣೆಯಲ್ಲಿ ಗಾಯಗಳನ್ನು ಬರೆಸಬೇಕು, ಮ್ಯಾಜಿಸ್ಟ್ರೇಟರು ಕೇಳಿದಾಗ ಹೆದರದೆ ಹೇಳಬೇಕು. ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು, ಚಿತ್ರಗಳನ್ನು ಕನಿಷ್ಠ ಒಂದು ವರ್ಷ ಕಾಯ್ದಿಡಬೇಕು ಎಂದು 2020ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆದ್ದರಿಂದ ಲಿಖಿತ ದೂರಿನಲ್ಲಿ ದಿನ, ಗಂಟೆ ನಮೂದಿಸಿ ಆ ಚಿತ್ರಗಳನ್ನು ಉಳಿಸಿಡುವಂತೆ ಕೇಳಬೇಕು. ದೂರನ್ನು ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳುಹಿಸಬಹುದು.

ವಕೀಲರಿಗೆ ಕೊಡಲು ಹಣವಿಲ್ಲ ಎಂಬ ಚಿಂತೆಗೆ ಉತ್ತರ ತಾಲೂಕು ನ್ಯಾಯಾಲಯದ ಆವರಣದಲ್ಲೇ ಇದೆ. ಹಾಸನದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕುಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಹೆಂಗಸರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ದೂರವಾಣಿ 15100. ಶನಿವಾರ ಸಂಜೆ ಹಿಡಿದರೆ ಸೋಮವಾರದವರೆಗೆ ಕೇಳುವವರಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗೇನಿಲ್ಲ. 24 ಗಂಟೆಗೆ ಭಾನುವಾರವೂ ಸೇರುತ್ತದೆ, ರಜೆಯ ದಿನ ಮ್ಯಾಜಿಸ್ಟ್ರೇಟರ ಮನೆಯಲ್ಲೇ ಹಾಜರುಪಡಿಸುತ್ತಾರೆ. ಮನೆಯವರೂ ವಕೀಲರೂ ಆ ಮನೆಯ ಗೇಟಿನ ಬಳಿ ಇರಬಹುದು.