ಶೇ 4ಕ್ಕೂ ಕಡಿಮೆ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ತರಗತಿಗೆ 2024ರಲ್ಲಿ ಸುಮಾರು 54 ಸಾವಿರ ಮಕ್ಕಳು ಅರ್ಜಿ ಹಾಕಿದ್ದರು. ಪ್ರವೇಶ ದೊರೆತದ್ದು 2 ಸಾವಿರಕ್ಕಿಂತ ಕಡಿಮೆ ಮಂದಿಗೆ. ಬೆಂಗಳೂರಿನ ಪಿಯು ವಿದ್ಯಾರ್ಥಿಗಳೂ ಕ್ಯಾಲಿಫೋರ್ನಿಯಾದ ಕನ್ನಡಿಗರ ಮಕ್ಕಳೂ ನಿಲ್ಲುವುದು ಇದೇ ಸಾಲಿನಲ್ಲಿ.

ನಮ್ಮ ಸಿಇಟಿಯಂತೆ ಅಲ್ಲಿ ರ‍್ಯಾಂಕ್ ಪಟ್ಟಿ ಇಲ್ಲ. ಅಂಕದ ಜೊತೆಗೆ ಪ್ರಬಂಧ, ಶಿಕ್ಷಕರ ಶಿಫಾರಸು, ಪಠ್ಯೇತರ ಸಾಧನೆ ಎಲ್ಲವನ್ನೂ ತೂಗುತ್ತಾರೆ. ಆ ತೂಕ ಸಮನಾಗಿಲ್ಲ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ 2023ರ ಅಧ್ಯಯನದ ಪ್ರಕಾರ, ಪರೀಕ್ಷೆಯ ಅಂಕ ಒಂದೇ ಆಗಿದ್ದರೂ ಅತಿ ಶ್ರೀಮಂತ ಶೇ 1ರಷ್ಟು ಕುಟುಂಬಗಳ ಮಕ್ಕಳು ಇಂಥ ವಿಶ್ವವಿದ್ಯಾಲಯ ಸೇರುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ ಇದಕ್ಕೆ ದೊಡ್ಡ ಕಾರಣ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಅಪ್ಪ-ಅಮ್ಮ ಓದಿದ ಕಾಲೇಜೆಂಬ ಆದ್ಯತೆ ಮಾತ್ರ ಹಲವೆಡೆ ಉಳಿದೇ ಇದೆ. ಇದು ಅನ್ಯಾಯ. ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಅದನ್ನು ನಿಷೇಧಿಸುವ ಕಾನೂನು ಮಾಡಿದ್ದು ಸ್ವಾಗತಾರ್ಹ.

ಪೋಷಕರಲ್ಲಿ ಒಂದು ಮನವಿ. ಇಷ್ಟು ಇಕ್ಕಟ್ಟಾದ ಬಾಗಿಲು ತೆರೆಯದಿದ್ದರೆ ಅದು ಹದಿನೇಳರ ಹುಡುಗ ಹುಡುಗಿಯರ ಸೋಲಲ್ಲ. ‘ಸೀಟು ಖಚಿತ’ ಎಂದು ಭರವಸೆ ಕೊಡುವ ಸಲಹೆಗಾರರಿಗೆ ಲಕ್ಷಗಟ್ಟಲೆ ಸುರಿಯಬೇಡಿ. ಆ ಭರವಸೆ ಕೊಡಲು ಯಾರಿಂದಲೂ ಸಾಧ್ಯವಿಲ್ಲ. ಅರ್ಜಿ ಹಾಕುವ ಪಟ್ಟಿಯಲ್ಲಿ ಪ್ರವೇಶ ಸುಲಭವಿರುವ, ಆರ್ಥಿಕ ನೆರವು ನೀಡುವ ಕಾಲೇಜುಗಳೂ ಇರಲಿ.