ಪ್ರತಿರಾತ್ರಿಯ ಪರೀಕ್ಷೆ

ಪರೀಕ್ಷೆಯೆಂಬ ಮಾತು ಕೇಳಿದೊಡನೆಯೇ ಎದೆ ನಡುಗದ ವಿದ್ಯಾರ್ಥಿ ವಿರಳ. ಸೆಮಿಸ್ಟರಿಗೊಮ್ಮೆ ಬರುವ ಪರೀಕ್ಷೆಗೇ ನಾವು ಇಷ್ಟು ಅಂಜುವಾಗ, ಪ್ರತಿರಾತ್ರಿಯೂ, ಅದೂ ಹತ್ತಾರು ಕೊಠಡಿಗಳಲ್ಲಿ ಏಕಕಾಲಕ್ಕೆ ಪರೀಕ್ಷೆಗೆ ಕೂರಬೇಕೆಂದು ವಿಶ್ವವಿದ್ಯಾನಿಲಯವು ಆಜ್ಞೆ ಮಾಡಿದರೆ ನಮ್ಮ ಗತಿಯೇನು? ಇಂಥ ಕಠಿಣ ನಿಯಮವನ್ನು ಯಾರ ಒತ್ತಾಯವೂ ಇಲ್ಲದೆ ತಾವಾಗಿಯೇ ತಲೆಯ ಮೇಲೆ ಹೊತ್ತುಕೊಂಡಿರುವ ಜನ ಜಗತ್ತಿನಲ್ಲಿದ್ದಾರೆ. ಅವರು ಮುಕ್ತ ತಂತ್ರಾಂಶವನ್ನು ರಚಿಸುವವರು. ಅವರ ಈ ಪದ್ಧತಿಯಲ್ಲಿ ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೂ ಒಂದು ಕೆಲಸವಿದೆಯೆಂದೂ, ಅದನ್ನು ನಾವು ಮಾಡದಿದ್ದರೆ ನಷ್ಟ ಕನ್ನಡಕ್ಕೇ ಎಂದೂ ನಾನು ಭಾವಿಸುತ್ತೇನೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ವಿಚಾರದ ಕಡೆಗೆ ನನ್ನ ಮನಸ್ಸು ಹರಿದದ್ದು ಒಂದು ಕರಪತ್ರದ ಪ್ರಸಂಗದಿಂದ. ಕಳೆದ ವರ್ಷ ನಮ್ಮ ಹೊಸ ಅಗ್ರಹಾರದ ಕಡೆಯ ಹಳ್ಳಿಯೊಂದರ ಹುಡುಗಿ ರ‍್ಯಾಂಕ್ ಗಳಿಸಿದಳು. ಗೆಳೆಯರೆಲ್ಲರೂ ಸೇರಿ ಆಕೆಗೊಂದು ಸನ್ಮಾನಸಭೆ ಏರ್ಪಡಿಸಿದೆವು. ಕರಪತ್ರವನ್ನು ನಾನೇ ಮುಕ್ತ ತಂತ್ರಾಂಶವೊಂದರಲ್ಲಿ ಸಿದ್ಧಪಡಿಸಿದೆ. ನನ್ನ ಗಣಕದ ತೆರೆಯ ಮೇಲೆ ಅದು ಮುತ್ತು ಪೋಣಿಸಿದಂತಿತ್ತು. ಪಟ್ಟಣದ ಮುದ್ರಣದಂಗಡಿಯಲ್ಲಿ ಅದೇ ತಂತ್ರಾಂಶವನ್ನು ಬೇರೆ ಬಗೆಯ ಗಣಕದಲ್ಲಿ ಇಟ್ಟಿದ್ದರು. ಅಲ್ಲಿ ಇನ್ನೂರು ಪ್ರತಿ ಅಚ್ಚುಹಾಕಿಸಿ ತಂದೆವು. ನೋಡಿದರೆ ಹುಡುಗಿಯ ಹೆಸರಿನ ಒತ್ತಕ್ಷರ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತಿತ್ತು. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗಿತ್ತು. ಅಂಗಡಿಯವರು “ನಿಮ್ಮ ಕಡತವೇ ಹಾಗಿತ್ತು” ಎಂದರು. ನಾವು “ನಿಮ್ಮ ಯಂತ್ರದ್ದೇ ದೋಷ” ಎಂದೆವು. ಹುಡುಗಿಯ ತಂದೆ ಮಾತ್ರ ಕರಪತ್ರವನ್ನು ಬಹಳ ಹೊತ್ತು ನೋಡಿ, “ಪರವಾಯಿಲ್ಲ ಬಿಡಿ, ಯಾರು ಅಂತ ನಮಗೆ ಗೊತ್ತಲ್ಲ” ಎಂದು ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ತಪ್ಪು ಯಾರದು? ವಿಚಾರಿಸುತ್ತ ಹೋದಾಗ, ಇಬ್ಬರದೂ ಅಲ್ಲವೆಂದು ತಿಳಿಯಿತು. ಮುಕ್ತ ತಂತ್ರಾಂಶವೆಂದರೆ ಅದರ ಮೂಲಬರಹ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಮೂಲಬರಹವು ಅಡಿಗೆಯ ವಿಧಾನವಿದ್ದಂತೆ, ಅಡಿಗೆಯಲ್ಲ. ಅದನ್ನು ಒಂದೊಂದು ಬಗೆಯ ಗಣಕಕ್ಕೂ ಬೇರೆಬೇರೆಯಾಗಿ ಕಟ್ಟಬೇಕು. ಒಂದೇ ವಿಧಾನವನ್ನು ಹಿಡಿದು ಸೌದೆಯೊಲೆಯ ಮೇಲೊಬ್ಬರು, ಗ್ಯಾಸಿನ ಮೇಲೊಬ್ಬರು ಅಡಿಗೆ ಮಾಡಿದಾಗ ರುಚಿ ಬೇರೆಯಾಗುವಂತೆ ಇಲ್ಲಿಯೂ ಆಗುತ್ತದೆ. ವಿಂಡೋಸ್ ಕಡತದ ಸಾಲನ್ನು ಎರಡು ಸಂಕೇತಗಳಿಂದ ಮುಗಿಸುತ್ತದೆ, ಲಿನಕ್ಸ್ ಒಂದರಿಂದ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆಬೇರೆ ಎಣಿಸುತ್ತದೆ. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎನ್ನುತ್ತದೆ. ಇನ್ನು ದೊಡ್ಡ ಸಂಖ್ಯೆಯೊಂದನ್ನು ನೆನಪಿನಲ್ಲಿ ಇಡುವಾಗ ಕೆಲವು ಯಂತ್ರಗಳು ಹಿರಿಯ ಭಾಗವನ್ನು ಮೊದಲು ಬರೆದರೆ ಕೆಲವು ಕಿರಿಯ ಭಾಗವನ್ನು ಮೊದಲು ಬರೆಯುತ್ತವೆ. ಈ ಭೇದಕ್ಕೆ ೧೯೮೦ರಲ್ಲಿ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ಹೆಸರನ್ನು ತಂದದ್ದು ನಮ್ಮ ಇಂಗ್ಲಿಷ್ ತರಗತಿಗಳಿಗೆ ಪರಿಚಿತವಾದ ಗಲಿವರನ ಪ್ರವಾಸದಿಂದ. ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಎಂದು ಯುದ್ಧ ಹೂಡಿದ ಕುಳ್ಳರ ಕಥೆಯದು. ಸ್ವಿಫ್ಟನ ವಿನೋದವು ಗಣಕಲೋಕದಲ್ಲಿ ನಿಜವೇ ಆಗಿದೆ. ಒಂದು ಕಡೆಯ ಯಂತ್ರದಲ್ಲಿ ಸರಿಯಾಗಿ ನಡೆದ ತಂತ್ರಾಂಶ ಮತ್ತೊಂದು ಕಡೆ ತಪ್ಪುವುದು ಇಂಥ ಸಣ್ಣ ಭೇದಗಳಿಂದ.

ಹಾಗಾದರೆ ಇದಕ್ಕೆ ಉಪಾಯವೇನು? ಹುಣಸೂರು, ಪಿರಿಯಾಪಟ್ಟಣದ ಕಡೆಯಲ್ಲಿ ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲಿ ಕೇಳಿದರೆ ಕೂಡಲೇ ಉತ್ತರ ಸಿಗುತ್ತದೆ. ಸೊಪ್ಪನ್ನು ಬ್ಯಾರನ್ನಿನೊಳಗೆ ಕಟ್ಟಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಅದನ್ನು ಬಿಟ್ಟು ಕದಲುವಂತಿಲ್ಲ. ಮೊದಲು ನಲವತ್ತು ಡಿಗ್ರಿಯೊಳಗಿನ ಶಾಖದಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಮೆಲ್ಲಮೆಲ್ಲನೆ ಎಪ್ಪತ್ತರ ಸಮೀಪಕ್ಕೆ ಏರಿಸಿ ಕಡ್ಡಿಯನ್ನು ಒಣಗಿಸಬೇಕು. ನನ್ನ ಸೋದರಮಾವ ನಡುರಾತ್ರಿಯಲ್ಲಿ ಎದ್ದೆದ್ದು ಹೋಗಿ ಉಷ್ಣಮಾಪಕ ನೋಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. “ಬೆಳಿಗ್ಗೆ ನೋಡಿದರಾಗದೆ?” ಎಂದು ಕೇಳಿದರೆ, “ಬೆಳಿಗ್ಗೆ ನೋಡಿದರೆ ಕೆಟ್ಟದ್ದು ಕಾಣುತ್ತೆ, ಯಾವಾಗ ಕೆಟ್ಟಿತು ಅಂತ ಕಾಣಲ್ಲ” ಎನ್ನುತ್ತಿದ್ದರು. ಪ್ರತಿರಾತ್ರಿಯ ಪರೀಕ್ಷೆಯ ತತ್ತ್ವವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಗಣಕದಲ್ಲಿ ಈ ಕಾವಲನ್ನು ಯಂತ್ರಕ್ಕೇ ವಹಿಸುತ್ತಾರೆ. ಯುನಿಕ್ಸ್ ವ್ಯವಸ್ಥೆಗಳಲ್ಲಿ ‘ಕ್ರಾನ್’ ಎಂಬ ಹಳೆಯ ಸೇವಕನಿದ್ದಾನೆ. ನಿಮಿಷ, ಗಂಟೆ, ದಿನಾಂಕ, ತಿಂಗಳು, ವಾರ ಎಂಬ ಐದು ಅಂಕಣಗಳಲ್ಲಿ ಸಮಯವನ್ನು ಬರೆದಿಟ್ಟರೆ, ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡುತ್ತಾನೆ. ರಾತ್ರಿ ಎರಡು ಗಂಟೆಗೆ ಯಂತ್ರವು ಅಂದಿನವರೆಗಿನ ಮೂಲಬರಹವನ್ನು ತರಿಸಿಕೊಳ್ಳುತ್ತದೆ. ಹಿಂದಿನ ದಿನ ಕಟ್ಟಿದ್ದನ್ನೆಲ್ಲ ಅಳಿಸಿ ಬರಿಯ ನೆಲದಿಂದ ಮತ್ತೆ ಕಟ್ಟುತ್ತದೆ. ಈ ಅಳಿಸುವಿಕೆ ಮುಖ್ಯವಾದುದು. ಹಳೆಯ ತುಂಡುಗಳು ಉಳಿದರೆ ಹೊಸ ತಪ್ಪನ್ನು ಅವು ಮುಚ್ಚಿಬಿಡುತ್ತವೆ. ಅನಂತರ ಮೊದಲೇ ಬರೆದಿಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ, ಬಂದ ಉತ್ತರವನ್ನು ಬರಬೇಕಾದ ಉತ್ತರದೊಡನೆ ತಾಳೆ ನೋಡಿ, ಫಲಿತಾಂಶವನ್ನು ಪ್ರಕಟಿಸುತ್ತದೆ. ಮೂರು ಕಾರ್ಯಾಚರಣ ವ್ಯವಸ್ಥೆ, ಎರಡು ಬಗೆಯ ಸಂಸ್ಕಾರಕ, ಎರಡು ಬಗೆಯ ಕಟ್ಟುವ ಉಪಕರಣ ಎಂದಿಟ್ಟುಕೊಂಡರೆ ಒಟ್ಟು ಹನ್ನೆರಡು ಕೊಠಡಿಗಳಲ್ಲಿ ಒಂದೇ ಪ್ರಶ್ನೆಪತ್ರಿಕೆ. ಬೆಳಿಗ್ಗೆ ಎದ್ದು ನೋಡಿದರೆ ಹನ್ನೊಂದು ಹಸಿರು, ಒಂದು ಕೆಂಪು. ನಿನ್ನೆ ಹಸಿರಾಗಿದ್ದುದು ಇಂದು ಕೆಂಪಾದರೆ ದೋಷವು ನಿನ್ನೆಯ ಹಗಲಿನ ತಿದ್ದುಪಡಿಗಳಲ್ಲೇ ಇರಬೇಕು. ಆ ತಿದ್ದುಪಡಿಗಳು ನೂರಿದ್ದರೂ ಅರ್ಧ ಅರ್ಧವಾಗಿ ಭಾಗಿಸಿ ಪರೀಕ್ಷಿಸಿದರೆ ಏಳು ಹೆಜ್ಜೆಗಳಲ್ಲಿ ತಪ್ಪಿದ್ದು ಸಿಕ್ಕಿಬೀಳುತ್ತದೆ. ಆರು ತಿಂಗಳು ಬಿಟ್ಟು ನೋಡಿದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆಯೇ ಸರಿ.

ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ೧೯೯೮ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ತನ್ನ ಜಾಲವೀಕ್ಷಕದ ಮೂಲವನ್ನು ಬಹಿರಂಗಗೊಳಿಸಿದ ಮೇಲೆ, ಮೊಜಿಲ್ಲಾ ಬಳಗದವರು ‘ಟಿಂಡರ್‌ಬಾಕ್ಸ್’ ಎಂಬ ಫಲಕದ ಮೇಲೆ ಯಾವ ಯಂತ್ರದಲ್ಲಿ ಕಟ್ಟಡ ನಿಂತಿದೆ, ಯಾವುದರಲ್ಲಿ ‘ಉರಿಯುತ್ತಿದೆ’ ಎಂದು ಬಣ್ಣಗಳಲ್ಲಿ ತೋರಿಸುತ್ತಿದ್ದರು. ಜಪಾನಿನ ಕೊಹ್‌ಸುಕೆ ಕವಾಗುಚಿ ರಚಿಸಿದ ‘ಹಡ್ಸನ್’ ೨೦೧೧ರಲ್ಲಿ ‘ಜೆಂಕಿನ್ಸ್’ ಎಂಬ ಹೊಸ ಹೆಸರು ತಳೆದು ಇಂದಿಗೂ ಸಾವಿರಾರು ಕಡೆ ಈ ಕೆಲಸ ಮಾಡುತ್ತಿದೆ. ಮೂಲ ತೆರೆದಿರುವ ತಂತ್ರಾಂಶಕ್ಕಾದರೆ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲಿಯೂ ಪರೀಕ್ಷೆ ನಡೆಸುವ ಸೌಕರ್ಯವನ್ನು ಗಿಟ್‌ಹಬ್ ಉಚಿತವಾಗಿಯೇ ಕೊಡುತ್ತದೆ. ಆದುದರಿಂದ ಯಂತ್ರಗಳಿಲ್ಲವೆಂಬ ನೆಪ ನಮಗೆ ಉಳಿದಿಲ್ಲ.

ಇಲ್ಲಿಗೆ ಕನ್ನಡದ ಮಾತು ಬರುತ್ತದೆ. ಗಣಕದಲ್ಲಿ ಕನ್ನಡ ಮೂಡುವಾಗ ಅಕ್ಷರದ ಆಕಾರಗಳು ಫಾಂಟಿನಲ್ಲಿರುತ್ತವೆಯಾದರೂ, ಯಾವ ಒತ್ತು ಯಾವ ಅಕ್ಷರದ ಕೆಳಗೆ, ಯಾವ ಗುಣಿತ ಎಲ್ಲಿ ಎಂದು ನಿರ್ಧರಿಸಿ ಜೋಡಿಸುವ ಮೊಳೆಜೋಡಕನೊಬ್ಬ ಬೇರೆಯೇ ಇರುತ್ತಾನೆ. ಮುಕ್ತ ತಂತ್ರಾಂಶಲೋಕದಲ್ಲಿ ಆ ಮೊಳೆಜೋಡಕನ ಹೆಸರು ‘ಹಾರ್ಫ್‌ಬಜ್’. ಪರ್ಷಿಯನ್ ಮಾತುಗಳಿಂದಾದ ಈ ಹೆಸರಿಗೆ ‘ತೆರೆದ ಅಕ್ಷರ’ವೆಂದರ್ಥ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ನಾವು ಓದುವ ಕನ್ನಡವನ್ನು ಬಹುಮಟ್ಟಿಗೆ ಜೋಡಿಸುವವನು ಇವನೇ. ೨೦೧೨ರ ಸುಮಾರಿಗೆ ಇದರ ಮುಖ್ಯ ರಚನಕಾರ, ಇರಾನ್ ಮೂಲದ ಬೆಹದಾದ್ ಎಸ್ಫಹ್‌ಬೋದ್, ವಿಕಿಪೀಡಿಯದಿಂದ ಆಯ್ದ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳನ್ನು ಹಾರ್ಫ್‌ಬಜ್‌ನಿಂದ ಜೋಡಿಸಿಸಿ, ಮೈಕ್ರೋಸಾಫ್ಟಿನ ಜೋಡಕನ ಉತ್ತರದೊಡನೆ ಹೋಲಿಸಿದರು. ತಿದ್ದುತ್ತ ತಿದ್ದುತ್ತ ತಾಳೆಯಾಗದ ಪದಗಳು ಸಾವಿರಕ್ಕಿಂತ ಕಡಿಮೆಗಿಳಿದವು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಪುಕ್ಕಟೆಯಾಗಿ ಲೇಖನ ಬರೆದ ಕನ್ನಡಿಗರು, ತಮಗರಿವಿಲ್ಲದೆಯೇ, ದೂರದೇಶದ ಒಂದು ಪರೀಕ್ಷೆಗೆ ಪ್ರಶ್ನೆಪತ್ರಿಕೆ ಒದಗಿಸಿದ್ದರು!

ಆದರೆ ಇಲ್ಲಿಯೇ ನನ್ನ ವಾದದ ತಿರುಳೂ ಇದೆ. ಎರಡು ಉತ್ತರಗಳು ಬೇರೆಯಾದುವೆಂದು ಯಂತ್ರ ಹೇಳಬಲ್ಲುದು. ಯಾವುದು ಸರಿಯೆಂದು ಕನ್ನಡ ಬಲ್ಲವನೇ ಹೇಳಬೇಕು. ಇಬ್ಬರೂ ಒಂದೇ ತಪ್ಪನ್ನು ಮಾಡಿದರೆ ಯಂತ್ರ ಇಬ್ಬರಿಗೂ ಹಸಿರು ತೋರಿಸುತ್ತದೆ. ಕೇಳದ ಪ್ರಶ್ನೆಗೆ ಪರೀಕ್ಷೆಯಲ್ಲಿ ಅಂಕವೂ ಇಲ್ಲ, ಅನುತ್ತೀರ್ಣತೆಯೂ ಇಲ್ಲ. ೨೦೧೮ರ ಫೆಬ್ರವರಿಯಲ್ಲಿ ನಮ್ಮ ಸೋದರಿಯಾದ ತೆಲುಗಿನ ‘ಜ್ಞಾ’ ಎಂಬ ಒಂದೇ ಒಂದು ಕೂಡಕ್ಷರ ಐಫೋನುಗಳ ಅನ್ವಯಗಳನ್ನು ಕುಸಿದು ಬೀಳುವಂತೆ ಮಾಡಿತು. ಆಪಲ್ ಸಂಸ್ಥೆ ಅವಸರದಿಂದ ತಿದ್ದುಪಡಿ ಹೊರಡಿಸಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಯ ಪ್ರಶ್ನೆಪತ್ರಿಕೆಯಲ್ಲಿಯೂ ಆ ಅಕ್ಷರ ಆ ರೂಪದಲ್ಲಿ ಬಂದಿರಲಿಲ್ಲವೆಂದು ತಾನೆ ಇದರರ್ಥ?

ನಮ್ಮ ಮನೆಯ ಉದಾಹರಣೆಯೂ ಇದೆ. ಹಳಗನ್ನಡದ ತರಗತಿಯಲ್ಲಿ ನಾವು ಕಾಣುವ ‘ೞ’ ಅಕ್ಷರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ಇಟ್ಟಿರುವ ಹೆಸರು ‘ಫ’! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ನಿಯಮವಾದ್ದರಿಂದ, ತಪ್ಪು ಹೆಸರು ಹಾಗೆಯೇ ನಿಂತು, ಪಕ್ಕದಲ್ಲಿ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ. ಶಾಸನಗಳ ನಕಾರಪೊಲ್ಲಿಗಂತೂ ಪಟ್ಟಿಯಲ್ಲಿ ಸ್ಥಾನ ದೊರೆತದ್ದು ೨೦೨೧ರಲ್ಲಿ. ಪಂಪನನ್ನು ಓದಿದವನೊಬ್ಬ ಸಕಾಲದಲ್ಲಿ ಆ ಪಟ್ಟಿಯನ್ನು ಕಣ್ಣಿಟ್ಟು ನೋಡಿದ್ದರೆ ‘ೞ’ಕ್ಕೆ ಈ ಗತಿ ಬರುತ್ತಿರಲಿಲ್ಲ.

ಆದುದರಿಂದ ಎಂಜಿನಿಯರಿಂಗ್ ಓದದ ನಾವು ಮಾಡಬಹುದಾದ ಕೆಲಸ ಪ್ರಶ್ನೆಪತ್ರಿಕೆ ತಯಾರಿಸುವುದು. ‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗಬೇಕು, ‘ರ‍್ಯಾಂಕ್’ನಲ್ಲಿ ಆಗಬಾರದು, ಅದಕ್ಕಾಗಿ ರಕಾರದ ಮುಂದೆ ಕಣ್ಣಿಗೆ ಕಾಣದ ಜೋಡುಸಂಕೇತವೊಂದನ್ನು ಇಡುತ್ತಾರೆ. ಆ ಸಂಕೇತವನ್ನು ಯಾವ ತಂತ್ರಾಂಶ ಗೌರವಿಸುತ್ತದೆ, ಯಾವುದು ನುಂಗಿಬಿಡುತ್ತದೆ? ಇದೊಂದು ಪ್ರಶ್ನೆ. ‘ಹೆಗ್ಗಡದೇವನಕೋಟೆ’ಯ ‘ಕೋ’ ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬಿಡಿಬಿಡಿ ಚಿಹ್ನೆಗಳಾಗಿಯೂ ಶೇಖರಿಸಬಹುದು. ಕಣ್ಣಿಗೆ ಎರಡೂ ಒಂದೇ. ಒಂದು ರೀತಿಯಲ್ಲಿ ಬರೆದಿಟ್ಟದ್ದನ್ನು ಇನ್ನೊಂದು ರೀತಿಯಲ್ಲಿ ಹುಡುಕಿದರೆ ಸಿಕ್ಕೀತೆ? ಇದು ಇನ್ನೊಂದು. ಅಕಾರಾದಿಯಲ್ಲಿ ಜೋಡಿಸಿದಾಗ ಅನುಸ್ವಾರ ಎಲ್ಲಿ ಬರಬೇಕು, ‘ಸ್ವಾತಂತ್ರ್ಯ’ದ ಮೂರು ವ್ಯಂಜನಗಳ ಗುಂಪು ಹೇಗೆ ಕಾಣಬೇಕು ಎಂಬಿವನ್ನು ನಮ್ಮ ಕನ್ನಡ ಅಧ್ಯಾಪಕರಿಗಿಂತ ಚೆನ್ನಾಗಿ ಬಲ್ಲವರು ಯಾರು? ಪ್ರಶ್ನೆಯೊಂದನ್ನು ಒಮ್ಮೆ ಸೇರಿಸಿದರೆ ಸಾಕು, ಅದನ್ನು ಯಂತ್ರ ಪ್ರತಿರಾತ್ರಿ, ಪ್ರತಿಯೊಂದು ಬಗೆಯ ಗಣಕದಲ್ಲಿ, ಬೇಸರವಿಲ್ಲದೆ ಕೇಳುತ್ತಲೇ ಇರುತ್ತದೆ.

ಪ್ರಶ್ನೆ ಹೆಚ್ಚಾದಷ್ಟೂ ಸುಳ್ಳು ಕೆಂಪುಗಳು ಹೆಚ್ಚುತ್ತವೆ, ಕೊನೆಗೆ ಯಾರೂ ಫಲಕದ ಕಡೆ ನೋಡುವುದಿಲ್ಲವೆಂಬ ಆಕ್ಷೇಪ ಉಂಟು. ಅದು ನಿಜ. ತೋಳ ಬಂತೆಂದು ಕೂಗಿದ ಹುಡುಗನ ಕಥೆ ಇಲ್ಲಿಯೂ ಅನ್ವಯಿಸುತ್ತದೆ. ಯಂತ್ರ ಎಚ್ಚರವಾಗಿದ್ದು ಮನುಷ್ಯ ಮಲಗಿದ್ದರೆ ಕಾವಲು ಕಾವಲಾಗದು. ಬೆಳಿಗ್ಗೆ ಕೆಂಪನ್ನು ಕಂಡವನು ಅದನ್ನು ಅಂದೇ ಸರಿಪಡಿಸಬೇಕು, ಇಲ್ಲವೆ ಪ್ರಶ್ನೆಯೇ ತಪ್ಪೆಂದು ಒಪ್ಪಿ ತೆಗೆಯಬೇಕು. ಈ ಶಿಸ್ತಿಲ್ಲದಿದ್ದರೆ ವ್ಯವಸ್ಥೆಯೆಲ್ಲ ವ್ಯರ್ಥ. ಆದರೆ ಶಿಸ್ತು ಕಷ್ಟವೆಂದು ಪರೀಕ್ಷೆಯನ್ನೇ ಬಿಡುವುದು, ಸೊಪ್ಪು ಕೆಡುತ್ತದೆಂದು ಬೆಂಕಿಯನ್ನೇ ಹಾಕದಿರುವಂತಾದೀತು.

ನಮ್ಮ ಕಾಲೇಜಿನಲ್ಲಿ ಕನ್ನಡ ವಿಭಾಗವೂ ಇದೆ, ಗಣಕಗಳ ಕೊಠಡಿಯೂ ಇದೆ. ನಡುವೆ ಇರುವುದು ಒಂದು ಗೋಡೆ ಮಾತ್ರ. ಮುಂದಿನ ವರ್ಷ ಒಬ್ಬೊಬ್ಬ ವಿದ್ಯಾರ್ಥಿಯೂ ಹತ್ತು ಪದಗಳನ್ನು, ಅವು ಹೇಗೆ ಮೂಡಬೇಕೆಂಬ ಉತ್ತರದೊಡನೆ, ಬರೆದುಕೊಡಲಿ, ಅಧ್ಯಾಪಕರು ತಿದ್ದಲಿ, ಗಣಕ ಬಲ್ಲ ಗೆಳೆಯರು ಅದನ್ನು ಮುಕ್ತ ತಂತ್ರಾಂಶದವರಿಗೆ ಮುಟ್ಟಿಸಲಿ. ನನ್ನ ಹತ್ತು ಪದಗಳಲ್ಲಿ ಮೊದಲನೆಯದನ್ನು ಆಗಲೇ ಆರಿಸಿಟ್ಟಿದ್ದೇನೆ. ಅದು ಕರಪತ್ರದಲ್ಲಿ ಮುರಿದುಹೋದ ಆ ಹುಡುಗಿಯ ಹೆಸರು.